ಖಾಲಿ ಓಟ

ಗೀಲ್ ಊರಿನ ಹೊರಗೆ, ಪೈನ್ ಮರಗಳ ನಡುವೆ
ರಾತ್ರಿ ಪಾಳಿ. ಗೋಡೆಲೀವ ಕಬ್ಬಿಣದ ಬಿಲ್ಲೆಯನ್ನು
ಚಿಮಟದಲ್ಲಿ ಹಿಡಿದು ಬಿಗಿದ ತಂತಿಗಳ ಮೇಲೆ ಕೂರಿಸುತ್ತಾಳೆ.
ನಮ್ಮಮ್ಮನ ಬಾಣಲೆಯದೂ ಇದೇ ಕಬ್ಬಿಣ, ಎನ್ನುತ್ತಾಳೆ,
ಆದರೂ ಪೂರ್ತಿ ಗೊತ್ತಿಲ್ಲ ಇದರ ಗುಣ.

ಮೂವತ್ತು ಮೀಟರ್ ಕೊಳವೆ. ಆ ತುದಿಗೆ ಒಂದು ಮಿಡಿತ,
ಈ ತುದಿಗೆ ಗಡಿಯಾರ.
ನ್ಯೂಟ್ರಾನಿಗೆ ಧನವಿಲ್ಲ, ಋಣವೂ ಇಲ್ಲ;
ಯಾರೂ ಕರೆಯುವುದಿಲ್ಲ, ಯಾರೂ ತಡೆಯುವುದಿಲ್ಲ.
ಬಾಗಿಲು ತಟ್ಟದೆ ಒಳಹೊಕ್ಕು
ನಟ್ಟನಡುವಿನ ಬೀಜಕ್ಕೆ ಭುಜ ತಾಗಿಸಿ
ಎತ್ತಲೋ ಹೊರಳುತ್ತದೆ.

ಕೆಲವು, ಬಂದಷ್ಟೇ ವೇಗದಲ್ಲಿ.
ಕೆಲವು ಕೈಯಲ್ಲಿದ್ದದ್ದು ಒಂದಿಷ್ಟು ಅಲ್ಲೇ ಬಿಟ್ಟು
ತಡವಾಗಿ ಬರುತ್ತವೆ.
ಬಿಟ್ಟದ್ದನ್ನು ಕಬ್ಬಿಣ ಇಟ್ಟುಕೊಳ್ಳುವುದಿಲ್ಲ,
ಕಾಣದ ಬೆಳಕಾಗಿ ಉಗುಳುತ್ತದೆ: ಎಂಟುನೂರ ನಲವತ್ತೇಳು.
ಮತ್ತೆ, ಎಂಟುನೂರ ನಲವತ್ತೇಳು.

ವಾನೆಸ್‌ನ ಮಾಡೆಲ್ಲಿನ ಗೆರೆ ನುಣ್ಣಗಿದೆ.
ನೂರಹತ್ತು ಡಿಗ್ರಿಯ ಹತ್ತಿರ ಚುಕ್ಕೆಗಳು ಮಾತು ಕೇಳುತ್ತಿಲ್ಲ.
"ತಪ್ಪು ನಿನ್ನದೋ ನನ್ನದೋ?"
"ಗಾಳಿಯದ್ದಿರಬಹುದು."

ಅದಕ್ಕೇ, ಬಿಲ್ಲೆ ತೆಗೆದು, ಏನೂ ಇಲ್ಲದ್ದನ್ನೂ
ಇದ್ದದ್ದರಷ್ಟೇ ಹೊತ್ತು ಅಳೆಯಬೇಕು.

ಮನಸ್ಸು ಕದಡಿದವರನ್ನು ಮನೆಗೆ ಕರೆದುಕೊಳ್ಳುವುದು
ಈ ಊರಿನ ರೂಢಿ, ತಲೆತಲಾಂತರದ್ದು.
ಅವಳಮ್ಮನ ಮೇಜಿನಲ್ಲಿ ಆರ್ಸೇನ್ ಇಪ್ಪತ್ತಾರು ವರ್ಷ ಉಂಡ.
ಕಿಟಕಿಯಾಚೆ ಹಾಯುವ ಸೈಕಲ್ಲುಗಳನ್ನು ಎಣಿಸಿ
ಸಕ್ಕರೆ ಪೊಟ್ಟಣದ ಮೇಲೆ ಬರೆದಿಡುತ್ತಿದ್ದ.
ಒಂದೂ ಬಾರದ ಹಿಮದ ದಿನ ಸೊನ್ನೆ ಬರೆದು,
ತಾರೀಖು ಹಾಕಿ, ಸಹಿ ಮಾಡುತ್ತಿದ್ದ.

ಮೂರು ಗಂಟೆ ನಲವತ್ತು.
ಖಾಲಿ ಜಾಗದಿಂದಲೂ ಬರುತ್ತಲೇ ಇದೆ
ಅಪರೂಪಕ್ಕೊಂದು ಟಿಕ್ಕು.
ಗೋಡೆಲೀವ ಪುಸ್ತಕ ತೆರೆದು ಬರೆಯುತ್ತಾಳೆ: ಬಿಲ್ಲೆ ಇಲ್ಲ.
ತಾರೀಖು.
ವಾನೆಸ್ ಎರಡು ಲೋಟ ಕಾಫಿ ಹಿಡಿದು
ಬಾಗಿಲನ್ನು ಮೊಣಕೈಯಿಂದ ನೂಕುತ್ತಿದ್ದಾನೆ.