ಹೆಬ್ಬೆರಳಿನ ತ್ರಿಜ್ಯ

ಮೇಲಿಂದ ಕಂಡದ್ದನ್ನು ಕೆಳಗೆ ಬರೆಯುವುದು ನಮ್ಮಲ್ಲಿ ರೂಢಿ,
ಎಡದಿಂದ ಕಂಡದ್ದನ್ನು ಬಲಕ್ಕೆ.
ಹಾಗೆ ನೋಡಲು ಕಲಿಯುವುದಕ್ಕೇ ನನಗೊಂದು ಚಳಿಗಾಲ ಹಿಡಿಯಿತು.
ಬ್ಲಾನ್ಸ್ಕೊದಲ್ಲಿ ಚಳಿಗಾಲ ಉದ್ದ.

ಈಗ ಕಪಾಟು ಖಾಲಿ ಮಾಡುವ ಕೆಲಸ.
ಹಳೆಯ ಟ್ರೇಸಿಂಗ್ ಹಾಳೆ ಬಿಚ್ಚಿದರೆ ಮತ್ತೆ ಸುತ್ತಿಕೊಳ್ಳುತ್ತದೆ,
ಎಬ್ಬಿಸಿದರೆ ಮಗ್ಗುಲು ಬದಲಿಸುವ ಮಗುವಿನ ಹಾಗೆ.
ನಾಲ್ಕು ಮೂಲೆಗೆ ನಾಲ್ಕು ನಟ್ಟು ಹೇರಿದೆ.
ಹಾಳೆ ೪೧೧೭. ನೀರಿನ ಕವಾಟದ ಒಡಲು. ೧೯೫೮.
ಬರೆದವರು: ಹ್ರುಷ್ಕೋವಾ.
ಪರಿಶೀಲಿಸಿದವರು: ಓದಲಾಗದ ಒಂದು ಸಹಿ,
ಊಟಕ್ಕೆ ಹೊರಟು ನಿಂತವನದು.

ಹ್ರುಷ್ಕೋವಾ, ನಿಮ್ಮ ಕೈ ನನಗೆ ಗುರುತಾಗಿಬಿಟ್ಟಿದೆ.
ಕಂಡ ಅಂಚಿಗೆ ದಪ್ಪ ಗೆರೆ, ಕಾಣದ್ದಕ್ಕೆ ತುಂಡು ತುಂಡು,
ನಡುಗೆರೆಗೆ ಒಂದು ಉದ್ದ, ಒಂದು ಚುಕ್ಕಿ, ಇನ್ನೊಂದು ಉದ್ದ.
ಮೂರಕ್ಕೆ ಚಪ್ಪಟೆ ತಲೆ ಇಡುತ್ತೀರಿ.
ತಪ್ಪಿದಲ್ಲಿ ಬ್ಲೇಡಿನಿಂದ ಕೆರೆದಿದ್ದೀರಿ;
ಬೆಳಕಿಗೆ ಹಿಡಿದರೆ ಆ ಜಾಗ
ಈಗಷ್ಟೇ ಮಾದ ಗಾಯದ ತೆಳು ಚರ್ಮ.

ಮೌಸ್ ಒತ್ತಿ ನಿಮ್ಮ ವೃತ್ತವನ್ನು ಮೇಲಕ್ಕೆಳೆದೆ,
ಕೊಳವೆಯಾಗಿ ಎದ್ದಿತು. ಹಾಲು ಉಕ್ಕಿದ ಹಾಗಲ್ಲ,
ಲಿಫ್ಟಿನ ಹಾಗೆ, ಸದ್ದಿಲ್ಲದೆ.
ನೂರಾ ಎಂಬತ್ತಕ್ಕೆ ನಿಲ್ಲು ಅಂದರೆ ನಿಂತಿತು.
ಬೋಲ್ಟಿನ ತೂತು ಎಂಟು. ಒಂದನ್ನು ಕೊರೆದು
ಉಳಿದ ಏಳಕ್ಕೆ ಸುತ್ತ ನಿಲ್ಲಿ ಎಂದೆ, ನಿಂತವು.
ನೀವು ಎಂಟನ್ನೂ ಕೈವಾರದಲ್ಲೇ ಸುತ್ತಿದಿರಿ.
ಆ ಮಧ್ಯಾಹ್ನದ ಲೆಕ್ಕ ಹಾಳೆಯಲ್ಲೆಲ್ಲೂ ಇಲ್ಲ.

ಕೊರಳು ಒಡಲನ್ನು ಕೂಡುವ ಕಡೆ ಕೆಲಸ ನಿಂತಿತು.
ಎದುರುನೋಟದಲ್ಲಿ ಅಲ್ಲೊಂದು ಬಾಗು,
ಅಳತೆ ಬರೆದಿಲ್ಲ.
ಪಕ್ಕದ ನೋಟದಲ್ಲಿ ಚೂಪು ಮೂಲೆ.
ಎರಡೂ ನಿಜವಾಗಲಾರದು. ಕಾಗದ ಮಾತ್ರ ಎರಡನ್ನೂ
ಅರವತ್ತಾರು ವರ್ಷ ತಕರಾರಿಲ್ಲದೆ ಹೊತ್ತಿದೆ.
ಪರದೆ ಹೊರಲಿಲ್ಲ. ಕೆಂಪಗಾಯಿತು:
ಮೈ ಮುಚ್ಚಿಲ್ಲ, ಘನವಾಗದು.

ರಾಡೆಕ್ ಅಂದ, ಹತ್ತು ಹಾಕು, ಯಾರು ನೋಡುತ್ತಾರೆ.
ಹಾಕಿದೆ. ಹಸಿರಾಯಿತು. ಮನೆಗೆ ಹೋದೆ.
ನಿದ್ದೆ ಬರಲಿಲ್ಲ ಅಂತೇನಿಲ್ಲ, ಬಂತು.
ಬೆಳಗಿನ ಬಸ್ಸಿನಲ್ಲಿ ಮಾತ್ರ ಆ ಹತ್ತು
ಹಲ್ಲಿನ ಸಂದಿಗೆ ಸಿಕ್ಕ ಗಸಗಸೆ.

ವಾನ್ಯೆಕ್ ಸ್ವಿತಾವಾ ಸೇತುವೆಯಾಚೆ ಇದ್ದಾನೆ,
ಎರಕದ ಮನೆಗೆ ಮರದಚ್ಚು ಕೆತ್ತುತ್ತಿದ್ದವನು.
ಎಂಬತ್ತೇಳು, ಕಿವಿ ಮಂದ, ಮೊಲ ಸಾಕುತ್ತಾನೆ.
ಹಾಳೆ ಚಾಚಿದೆ. ಅವನು ಅದರ ಕಡೆ ನೋಡಲೇ ಇಲ್ಲ.
"ಆ ಮೂಲೆಯೇ? ಅದಕ್ಕೆಂಥ ಅಳತೆ?
ಬಿಸಿ ಮೇಣ ತುಂಬಿ ಹೀಗೆ ಎಳೆದರೆ ಆಯಿತು"
ಎಂದು ಮೊಲದ ಗೂಡಿನ ಮೂಲೆಯಲ್ಲಿ
ಹೆಬ್ಬೆರಳು ಎಳೆದು ತೋರಿಸಿದ.
"ಕೇಳಲು ಬಂದಿದ್ದಳು ಅವಳು, ಹ್ರುಷ್ಕೋವಾ.
ಬರೆಯಬೇಡ ಅಂದೆ. ಬರೆದರೆ ಯಾರು ಬೇಕಾದರೂ ಮಾಡುತ್ತಾರೆ.
ಇಪ್ಪತ್ತೊಂದು ನನಗೆ. ಸೊಕ್ಕು."
ನಕ್ಕ. ಆಮೇಲೆ ನಗಲಿಲ್ಲ.
ಒಂದು ಮೊಲ ಎಲೆಕೋಸಿನ ದಂಟನ್ನು ಕೊನೆವರೆಗೂ ತಿಂದಿತು.

ಚೀಲದಿಂದ ವರ್ನಿಯರ್ ತೆಗೆದು ಅವನ ಬೆರಳು ಹಿಡಿದೆ.
ಉಕ್ಕು ತಣ್ಣಗಿತ್ತೇನೋ, ಕೈ ಒಮ್ಮೆ ಹಿಂಜರಿಯಿತು.
ಅಗಲ ಇಪ್ಪತ್ತಮೂರು. ಅರ್ಧ, ಹನ್ನೊಂದೂವರೆ.
"ಆಗ ಇಷ್ಟು ಊದಿರಲಿಲ್ಲ, ಸಂಧಿವಾತ,
ಅರ್ಧ ಕಳೆ" ಅಂದ.

ಹನ್ನೊಂದು.

ಹತ್ತಿಗೂ ಹನ್ನೊಂದಕ್ಕೂ ಪರದೆಗೆ ಭೇದವಿಲ್ಲ,
ಅದೇ ಹಸಿರು. ಮಾದರಿಯ ಅಡಿಯಲ್ಲಿ ಆಕರ ಎಂಬೊಂದು ಖಾನೆ,
ಯಾರೂ ತುಂಬುವುದಿಲ್ಲ. ತುಂಬಿದೆ:
ವಾನ್ಯೆಕ್, ಬಲಗೈ. ಕೇಳಿದವರು ಹ್ರುಷ್ಕೋವಾ.
ಒಡಲನ್ನು ಮೆಲ್ಲಗೆ ತಿರುಗಿಸಿದೆ.
ಕೊರಳ ಬುಡದ ತಗ್ಗಿನಲ್ಲಿ ಬೆಳಕು ಜಾರಿ
ಎಲ್ಲೂ ತಡೆಯದೆ ಆಚೆ ಹೋಯಿತು.

ಹಾಳೆ ೪೧೧೮. ಮುಚ್ಚಳ.
ನಟ್ಟು ಎಲ್ಲಿಟ್ಟೆ?