ಕಡಿತ

ಮೊಂತಿ ಹಬ್ಬದ ಬೆಳಿಗ್ಗೆ
ಹೆಗಲ ಮೇಲೆ ನೇಂದ್ರ ಬಾಳೆಯ ಗೊನೆ,
ತೋಟದ ಈ ವರ್ಷದ ಮೊದಲನೆಯದು,
ಬಲಿಪೂಜೆಯ ಬಳಿಕ ಏಲಂಗೆ ಕೊಡುವುದೆಂದು.
ನೀರ್ಚಾಲಿನಿಂದ ಬೇಳಕ್ಕೆ ನಡೆದೇ ಹೋಗುವುದು ನಮ್ಮ ಕ್ರಮ.
ಮಕ್ಕಳು ಹೂವಿನ ತಟ್ಟೆ ಹಿಡಿದು ಮುಂದೆ ಓಡಿದರು.
ಮುರಕಲ್ಲಿನ ಕೋರೆಯ ತಿರುವಿನಲ್ಲಿ
ಆ ವಾಕ್ಯ ನನ್ನ ಕಾಲಿಗೆ ತೊಡರಿತು.

ಅರುವತ್ತು ವರ್ಷ ಕೇಳಿದ್ದೇನೆ ಅದನ್ನು:
ಕಾಣಿಕೆ ಅಲ್ಲೇ ಇರಲಿ, ಮೊದಲು ಹೋಗಿ ರಾಜಿಯಾಗು.
ನಾನು ತಿಳಿದದ್ದು, ನನಗೆ ಯಾರ ಮೇಲಾದರೂ ಸಿಟ್ಟಿದ್ದರೆ ಎಂದು.
ನನಗೆ ಯಾರ ಮೇಲೂ ಸಿಟ್ಟಿಲ್ಲ, ದೇವರ ದಯೆ.
ಅಲ್ಲಿರುವುದು ಹಾಗಲ್ಲ ಮಾರಾಯ.
ಯಾರಿಗಾದರೂ
ನಿನ್ನ ಮೇಲೆ.

ಇಪ್ಪತ್ತಾರು ವರ್ಷ ಬೀಡಿ ಬ್ರಾಂಚಿನ
ಮೇಜಿನ ಹಿಂದೆ ಕೂತವನು ನಾನು.
ಹೆಂಗಸರು ಮೊರದಲ್ಲಿ ಕಟ್ಟು ತರುತ್ತಿದ್ದರು.
ಹೆಬ್ಬೆರಳಲ್ಲಿ ಒತ್ತಿ, ನೂಲು ಸಡಿಲ, ಬಾಯಿ ಬಿಟ್ಟಿದೆ ಎಂದು
ಎರಡು ಕಟ್ಟು ಬದಿಗೆ.
ಬದಿಗಿಟ್ಟದ್ದು ಸಂಜೆ ಅದೇ ಪೆಟ್ಟಿಗೆಗೆ.
ಅದಕ್ಕೊಂದು ಹೆಸರಿತ್ತು, ಕಡಿತ. ಎಲ್ಲ ಬ್ರಾಂಚಿನಲ್ಲೂ ಉಂಟು.
ಹೆಸರಿದ್ದುದರಿಂದ ಅದು ಪಾಪವೆನಿಸಲಿಲ್ಲ.
ಪಾಪನಿವೇದನೆಗೆ ಮೊಣಕಾಲೂರಿ ಕೊಂಕಣಿಯಲ್ಲಿ ಹೇಳುತ್ತಿದ್ದೆ
ಕುಡಿದದ್ದು, ಬೈದದ್ದು, ತಪಸ್ಸು ಕಾಲದ ಶುಕ್ರವಾರ ಮಾಂಸ ತಿಂದದ್ದು.
ಇದು ತುಳುವಿನ ವ್ಯವಹಾರ,
ಅಲ್ಲಿಗೆ ತರಲಿಲ್ಲ.

ಹಿಂದೆ ತಿರುಗಿದೆ.
ಎದುರಿಗೆ ಬಂದವರೆಲ್ಲ ಕೇಳಿದರು, ಏನು ಮರೆತು ಬಂದಿರಿ?
ಹೌದೆಂದೆ.

ಅಪ್ಪಿಯಕ್ಕ ಜಗಲಿಯಲ್ಲಿ ಎಲೆ ಕತ್ತರಿಸುತ್ತಿದ್ದಳು,
ತಗಡಿನ ಅಳತೆಗೆ ಸರಿಯಾಗಿ, ಕತ್ತರಿ ನಿಲ್ಲಲಿಲ್ಲ.
ಕೂತುಕೊಳ್ಳಿ ಪೊರ್ಬುಲೇ, ಹಬ್ಬ ಅಲ್ವಾ ಇವತ್ತು?
ನಾನು ಗೊನೆ ಇಳಿಸಿ ಹೇಳಿದೆ. ದಾರಿಯಲ್ಲಿ ಜೋಡಿಸಿಕೊಂಡ ಮಾತು
ಅರ್ಧ ಮಾತ್ರ ಬಂತು.

ಅವಳು ಅಳಲಿಲ್ಲ. ಆಯಿತು ಬಿಡಿ ಎನ್ನಲಿಲ್ಲ.
ಮೇಲೆ ಬರಲೆಂದು ನಾನು ಕಾದಿದ್ದ ಆ ಒಂದು ನಗು
ಅವಳ ಮುಖದಲ್ಲಿ ಬರಲೇ ಇಲ್ಲ.
ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದಳು,
ಡಬ್ಬಿಯಲ್ಲಿ ಹಳೆ ಪಾಸು ಪುಸ್ತಕಗಳು,
ಪುಟದ ಅಂಚಿನಲ್ಲಿ ಪೆನ್ಸಿಲಿನ ಗೀಟು,
ನಾನು ಬದಿಗಿಟ್ಟ ಪ್ರತಿ ಕಟ್ಟಿಗೆ ಒಂದು.
ಒಂಬೈನೂರ ನಲವತ್ತು, ಎಂದಳು,
ಕಟ್ಟಿಗೆ ಇಪ್ಪತ್ತೈದು, ನೀವೇ ಗುಣಿಸಿ.
ಇಪ್ಪತ್ತಮೂರು ಸಾವಿರದ ಐನೂರು ಬೀಡಿ.
ಅವಳ ಬೆರಳ ತುದಿಯಲ್ಲಿ ರೇಖೆಗಳಿರಲಿಲ್ಲ.

ಮರ ಹತ್ತಿದ ಆ ಕುಳ್ಳ ಸುಂಕದವನ ಹಾಗೆ
ನಾಲ್ಕು ಪಟ್ಟು ಎನ್ನಲು ಬಾಯಿ ತೆರೆದೆ.
ನಾಲಿಗೆ ಹೇಳಿದ್ದು: ಕಂತಿನಲ್ಲಿ ಕೊಡಬಹುದಾ?
ಅವಳು ಮೊದಲ ಬಾರಿ ಕತ್ತರಿ ಕೆಳಗಿಟ್ಟಳು.
ಶನಿವಾರ ಶನಿವಾರ, ಎಂದಳು,
ನಮ್ಮ ಮಜೂರಿಯ ದಿನವೇ ಆಗಲಿ.

ಆಗ ಬೇಳದ ಗಂಟೆ ಕೇಳಿಸಿತು,
ಪಾದ್ರಿ ರೊಟ್ಟಿಯನ್ನು ಮೇಲೆತ್ತುವ ಹೊತ್ತು.
ನಾನು ಎದ್ದು ನಿಂತೆ, ಅಭ್ಯಾಸ. ಶಿಲುಬೆ ಗುರುತು ಹಾಕಿದೆ.
ಅವಳೂ ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತಳು.

ಗೊನೆ ಇಲ್ಲಿಯೇ ಇರಲಿ ಎಂದರೆ ಒಪ್ಪಲಿಲ್ಲ.
ಅದು ನಿಮ್ಮ ದೇವರಿಗೆ ಕಡಿದದ್ದು,
ನನ್ನದು ಬರೀ ಲೆಕ್ಕ.

ಗೊನೆ ಮತ್ತೆ ಹೆಗಲಿಗೆ. ಬರುವಾಗಿನದಕ್ಕಿಂತ ಭಾರ,
ಹಗುರವಾದೀತೆಂದುಕೊಂಡಿದ್ದೆ.
ಬ್ರಾಂಚಿನ ಪಟ್ಟಿಯಲ್ಲಿ ಇನ್ನೂ ಇಪ್ಪತ್ತಮೂರು ಹೆಸರು,
ಇಬ್ಬರು ತೀರಿಹೋಗಿದ್ದಾರೆ,
ಒಬ್ಬಳನ್ನು ಉಪ್ಪಳಕ್ಕೆ ಕೊಟ್ಟದ್ದು, ಮನೆ ಗೊತ್ತಿಲ್ಲ.
ಹತ್ತಿರದ್ದು ನತಾಲಿಯಾಳದು, ನಮ್ಮದೇ ವಾಳೆ.
ಬಾಗಿಲಿಗೆ ಬೀಗ. ಇಗರ್ಜಿಗೆ ಹೋಗಿರುತ್ತಾಳೆ,
ಹೊಸ ತೆನೆ ಹಿಡಿದು ಬರುತ್ತಾಳೆ.

ಮೆಟ್ಟಿಲ ಮೇಲೆ ಕೂತಿದ್ದೇನೆ.
ಅವಳ ನಾಯಿ ಬೊಗಳುವುದನ್ನು ನಿಲ್ಲಿಸಿಲ್ಲ.