ಫೆಬ್ರವರಿ ಇಪ್ಪತ್ತೆರಡರ ಬೆನ್ನಿಗೆ

ವೋಲೊಸ್ ಬಂದರಿನ ಹಿಂದಣ ಓಣಿಯಲ್ಲಿ
ಮೂವತ್ತೊಂದು ವರ್ಷದಿಂದ ನನ್ನದಿದೇ ಕಸುಬು:
ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರಿಗೆ
ಬೆನ್ನ ಬರಹ ಒದಗಿಸುವುದು.
ಮುಂದೆ ದಪ್ಪ ಅಂಕಿ, ಸಂತನ ಹೆಸರು, ಸೂರ್ಯ ಹುಟ್ಟುವ ಹೊತ್ತು.
ಹಿಂದೆ, ಅಂಗೈಯಗಲದಲ್ಲಿ,
ಇದೇ ದಿನ ಯಾರು ಹುಟ್ಟಿದರು, ಯಾರು ಸತ್ತರು,
ಯಾವ ಹಡಗು ಮುಳುಗಿತು,
ಯಾವ ಸೇತುವೆಗೆ ಯಾವ ಮಂತ್ರಿ ಕತ್ತರಿ ಹಿಡಿದು ಬಂದ.

ತಾರೀಕೆಂದರೆ ಛತ್ರ.
ನೂರಿನ್ನೂರು ವರ್ಷ ಹಿಂದೆ ಮುಂದೆ ಬಂದವರು
ಒಂದೇ ಚಾಪೆಯಲ್ಲಿ ಕಾಲು ಮುದುರಿ ಮಲಗುತ್ತಾರೆ.
ಧೂಮಕೇತು ಕಂಡವನ ಮಗ್ಗುಲಲ್ಲಿ ವಿಷ ಕುಡಿದ ರಾಣಿ,
ಸೇನಾಪತಿಯ ಬೂಟಿನ ಹತ್ತಿರ ಪಿಟೀಲಿನವನ ತಲೆ.
ಯಾರಿಗೂ ಯಾರ ಗುರುತಿಲ್ಲ.
ಜಾಗ ಸಾಲದಿದ್ದರೆ ಹಳಬರನ್ನೆಬ್ಬಿಸಿ ಹೊರಗೆ ಕಳಿಸುತ್ತೇನೆ.
ಒಮ್ಮೆ ಕಾಲ್ಚೆಂಡಿನವನಿಗಾಗಿ ಕವಿಯನ್ನೆಬ್ಬಿಸಿದೆ,
ಬೈದು ಎರಡು ಕಾಗದ ಬಂದವು.
ಬಿಷಪ್ಪರನ್ನೆಬ್ಬಿಸಿದಾಗ ಒಂದೂ ಇಲ್ಲ.

ನವೆಂಬರಿನ ಒಂದು ಸಂಜೆ,
ಅಚ್ಚಿನ ಯಂತ್ರ ಕೆಟ್ಟು ಕೂತಿದ್ದಾಗ,
ನೇಆ ಇಯೋನಿಯಾದಿಂದ ನಡೆದೇ ಬಂದಳು ಮುದುಕಿ ಪೊಲಿಕ್ಸೇನಿ.
ಕೂರಿ ಅನ್ನುವ ಮೊದಲೇ ಕೂತು,
"ಫೆಬ್ರವರಿ ಇಪ್ಪತ್ತೆರಡರ ಬೆನ್ನಿಗೆ ನನ್ನನ್ನು ಹಾಕು" ಅಂದಳು.
"ನೀವೇನು ಮಾಡಿದ್ದೀರಿ ಅಮ್ಮಾ?"
"ಹುಟ್ಟಿದ್ದೇನೆ. ಅದೂ ಇಲ್ಲದ ದಿನ."

ಸಾವಿರದ ಒಂಬೈನೂರ ಇಪ್ಪತ್ತಮೂರು.
ಸರ್ಕಾರ ಲೆಕ್ಕ ಬದಲಿಸಿದ ವರ್ಷ.
ಫೆಬ್ರವರಿ ಹದಿನೈದರ ರಾತ್ರಿ ಮಲಗಿದ ದೇಶ
ಮಾರ್ಚ್ ಒಂದಕ್ಕೆ ಕಣ್ಣುಜ್ಜಿಕೊಂಡು ಎದ್ದಿತು.
ಚರ್ಚು ಮಾತ್ರ ಆ ವರ್ಷ ಜಪ್ಪಯ್ಯ ಅನ್ನಲಿಲ್ಲ,
ತನ್ನ ಫೆಬ್ರವರಿಯನ್ನು ತಾನು ಎಣಿಸುತ್ತಲೇ ಇತ್ತು.

ಕಡಲಾಚೆಯಿಂದ ಓಡಿಬಂದವರು ತಂಬಾಕು ಗೋದಾಮಿನಲ್ಲಿ.
ಮೂಟೆಗಳ ನಡುವೆ ಕಂಬಳಿಯೊಂದನ್ನು ಇಳಿಬಿಟ್ಟು
ಅದರ ಹಿಂದೆ ಅವ್ವ ಹೆತ್ತಳು.
ಪಾದ್ರಿ ಬರೆದದ್ದು ಫೆಬ್ರವರಿ ಇಪ್ಪತ್ತೆರಡು,
ಗುಮಾಸ್ತ ಬರೆದದ್ದು ಮಾರ್ಚ್ ಏಳು.
ಇಬ್ಬರದೂ ಸರಿ, ಇಬ್ಬರದೂ ಒಂದೇ ಮಸಿಕುಡಿಕೆ.
ಆಚೆ ದಡದಲ್ಲಿ ಸೆರೆ ಸಿಕ್ಕು ಕಲ್ಲೊಡೆಯುತ್ತಿದ್ದ ಅಪ್ಪನಿಗೆ
ಕಾಗದ ಬರೆಸುವಾಗ ಯಾವುದು ಹಾಕಲೆಂದು ತಿಳಿಯದೆ
ಅವ್ವ ಹೇಳಿದ್ದಿಷ್ಟೆ: ತೆಂಕಣ ಗಾಳಿ ನಿಂತ ದಿನ.
ಉತ್ತರ ಯಾವ ಲೆಕ್ಕದಲ್ಲೂ ಬರಲಿಲ್ಲ.

ಅವಳು ಹೋದಮೇಲೆ ನನ್ನ ಪೆಟ್ಟಿಗೆಗಳನ್ನು ತೆಗೆದೆ.
ಹದಿನಾರರಿಂದ ಇಪ್ಪತ್ತೆಂಟರವರೆಗೆ, ಆ ವರ್ಷ, ಈ ದೇಶದಲ್ಲಿ,
ಒಂದು ಚೀಟಿಯೂ ಇಲ್ಲ.
ಹದಿಮೂರು ದಿನ ಯಾರೂ ಹುಟ್ಟಲಿಲ್ಲ, ಯಾರಿಗೂ ಗಲ್ಲಾಗಲಿಲ್ಲ,
ಒಂದು ಕೋಳಿಯೂ ಕಳುವಾಗಲಿಲ್ಲ.
ಹಲವು ದಿನಗಳನ್ನು ಒಂದು ತಾರೀಕಿಗೆ ಕಟ್ಟುವವನು ನಾನು;
ಒಂದೇ ದಿನವನ್ನು ಎರಡು ತಾರೀಕಿಗೆ ಹೊಲಿದುಕೊಂಡು
ಅವಳು ಅರವತ್ತಾರು ವರ್ಷ ಓಡಾಡಿದ್ದಾಳೆ,
ಮಾರುಕಟ್ಟೆಯಲ್ಲಿ ಮೀನಿಗೆ ಚೌಕಾಸಿ ಮಾಡುತ್ತ.

ಕರಡು ನೋಡಿದ ಮಾಲೀಕ ಅರ್ಗಿರಿಸ್
ಕೆಂಪು ಪೆನ್ಸಿಲಲ್ಲಿ ಅವಳ ಹೆಸರನ್ನು ಹೊಡೆದ.
"ಯಾರಿವಳು? ಹಾಡುವವಳೇ? ಯಾರನ್ನಾದರೂ ಕೊಂದವಳೇ?"
ನಾನು ವಾದಿಸಲಿಲ್ಲ.
ಸೇನಾಪತಿಯ ಕೆಳಗೆ, ರೈಲು ಅಪಘಾತದ ಮೇಲೆ,
ಇದ್ದುದರಲ್ಲಿ ಅತಿ ಸಣ್ಣ ಅಚ್ಚುಮೊಳೆ ಆರಿಸಿ ಜೋಡಿಸಿದೆ:
ತಂಬಾಕು ಗೋದಾಮಿನ ಬಳಿ ತೆಂಕಣ ಗಾಳಿ ನಿಂತಿತು.
ಹವಾಮಾನವೆಂದುಕೊಂಡು ಅವನು ಸಹಿ ಹಾಕಿದ.

ಆ ಹಾಳೆ ಹರಿದವರು ಹರಿದರು,
ಅದರಲ್ಲಿ ಜೀರಿಗೆ ಕಟ್ಟಿದವರು ಕಟ್ಟಿದರು.
ಮಾರ್ಚ್ ಏಳಕ್ಕೆ ಬಂದಳು ಪೊಲಿಕ್ಸೇನಿ,
ಹಾಳೆ ಅವಳ ಕನ್ನಡಕದ ಡಬ್ಬಿಯಲ್ಲಿ ನಾಲ್ಕು ಮಡಿಕೆಯಾಗಿತ್ತು.
ದೀಪದ ಕೆಳಗೆ ಹಿಡಿದಳು, ದೂರ ಹಿಡಿದಳು, ಮತ್ತೆ ಹತ್ತಿರ.
"ಅಕ್ಷರ ತೀರ ಸಣ್ಣದಾಯಿತು" ಅಂದಳು.
ಆಮೇಲೆ, ಬಾಗಿಲ ಹತ್ತಿರ ನಿಂತು,
"ತೆಂಕಣವೋ ಬಡಗಣವೋ, ಅವ್ವ ಅಂದದ್ದು?"
ಎಂದು ನನ್ನನ್ನೇ ಕೇಳಿದಳು.